ಸೀತನಿಯ ಆಮಂತ್ರಣ

ಅತಿಥಿಗಳನ್ನು ಕರೆಯುವವರಲ್ಲಿ ತಮಗೆ ಬಿಡುವಾದ ದಿನ ಕರೆಯುವವರುಂಟು. ಬರುವವರ ಬಿಡುವನ್ನು ವಿಚಾರಿಸಿ ಕರೆಯುವ ಸಜ್ಜನರೂ ಉಂಟು. ಉತ್ತರ ಕರ್ನಾಟಕದ ಎರೆಯ ಹೊಲಗಳಲ್ಲಿ ಮಾತ್ರ ದಿನವನ್ನು ಗೊತ್ತುಮಾಡುವ ಅಧಿಕಾರ ಜೋಳದ ತೆನೆಯದು. ಕಾಳಿನಲ್ಲಿ ತುಂಬಿದ ಹಾಲು ಗಟ್ಟಿಗೊಳ್ಳುತ್ತ ಬಂದು ಇನ್ನೂ ಒಣಗದಿರುವ ಕೆಲವೇ ದಿನಗಳಲ್ಲಿ ಬಂಧುಮಿತ್ರರನ್ನು ಹೊಲಕ್ಕೆ ಕರೆದು, ಎಳೆಯ ತೆನೆಗಳನ್ನು ಕೆಂಡದಲ್ಲಿ ಸುಟ್ಟು ತಿನ್ನಿಸುವ ಪದ್ಧತಿ ಅಲ್ಲಿಯದು. ಅದಕ್ಕೆ ಸೀತನಿ ಎಂದು ಹೆಸರು. ಸೀ ತೆನೆ ಎಂಬುದೇ ಜನರ ನಾಲಗೆಯಲ್ಲಿ ಸವೆದು ಸೀತನಿಯಾಗಿರಬೇಕು. ಮಹಾರಾಷ್ಟ್ರದವರು ಇದನ್ನೇ ಹುರಡಾ ಎನ್ನುತ್ತಾರೆ. ಸೂರತ್ತಿನವರಿಗೆ ಇದು ಪೋಂಕ್.

ನಗರವಾಸಿಗಳಾದ ನನ್ನ ಮಿತ್ರರೊಬ್ಬರು ಇದನ್ನು ‘ನಮ್ಮ ಬಾರ್ಬೆಕ್ಯೂ’ ಎಂದು ವರ್ಣಿಸಿದರು. ಬಯಲು, ಬೆಂಕಿ, ಸುತ್ತ ನಾಲ್ಕು ಜನ, ಇಷ್ಟು ಎರಡಕ್ಕೂ ಸಮಾನವೇ ಸರಿ. ಆದರೆ ಹಿತ್ತಿಲಿನಲ್ಲಿ ಮಾಂಸ ಸುಡುವ ಅಮೆರಿಕದ ಗೃಹಸ್ಥನು ಬೇಸಗೆಯ ಯಾವ ಭಾನುವಾರವನ್ನಾದರೂ ಆರಿಸಿಕೊಳ್ಳಬಲ್ಲನು. ಬೇಕಾದುದನ್ನೆಲ್ಲ ಹಿಂದಿನ ಸಂಜೆ ಅಂಗಡಿಯಿಂದ ತರಬಲ್ಲನು. ಸೀತನಿಗೆ ಕರೆಯುವವನಾದರೋ ಜನವರಿಯ ಅತಿಥಿಗಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿಯೇ ಬಿತ್ತಿರಬೇಕು. ಮನೆಗೂ ಮಾರುಕಟ್ಟೆಗೂ ಆಗುವ ಮಾಲದಂಡಿ ಜೋಳದ ಮಗ್ಗುಲಲ್ಲಿ, ಸೀತನಿಗೆಂದೇ ಸಕ್ಕರಿ ಮುಕ್ಕರಿಯಂಥ ಸಿಹಿ ತಳಿಯ ನಾಲ್ಕಾರು ಸಾಲುಗಳನ್ನು ಹಾಕುವ ರೂಢಿಯುಂಟು. ಈ ಸಾಲುಗಳಿಂದ ಕಣಜ ತುಂಬುವುದಿಲ್ಲ, ಸಾಲ ತೀರುವುದಿಲ್ಲ. ಬರಲಿರುವವರು ಯಾರೆಂದು ತಿಳಿಯುವ ಮೊದಲೇ ಅವರ ಪಾಲನ್ನು ನೆಲಕ್ಕೆ ಹಾಕಿರುತ್ತಾರೆ. ಸೀತನಿಯ ಕೂಟ ಚೆನ್ನಾಗುವುದೂ ಕೆಡುವುದೂ ಈ ಸಾಲುಗಳಿಂದಲೇ ಎಂಬುದು ನನ್ನ ಅಭಿಪ್ರಾಯ.

ಸುಡುವ ಕ್ರಮವನ್ನು ನೋಡಿಯೇ ತಿಳಿಯಬೇಕು. ನೆಲದಲ್ಲಿ ಸಣ್ಣದೊಂದು ತಗ್ಗು ತೋಡಿ, ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಉರಿ ಇಳಿದು, ಹೊಗೆ ಅಡಗಿ, ಕೆಂಡದ ಮೇಲೆ ಬೂದಿ ಮುಸುಕುವ ತನಕ ಯಾರೂ ತೆನೆಯನ್ನು ಮುಟ್ಟುವಂತಿಲ್ಲ. ಕಟ್ಟಿಗೆಯ ಬೆಂಕಿ ಇಲ್ಲಿ ಒಗ್ಗದು; ಅದರ ಉರಿಗೆ ಹೊಟ್ಟು ಹೊತ್ತಿ ಕಾಳು ಹಸಿಯಾಗಿಯೇ ಉಳಿಯುತ್ತದೆ. ಕುಳ್ಳಿನ ಕಾವು ನಿಧಾನವಾದದ್ದು, ಸಮನಾದದ್ದು. ಆಗತಾನೆ ಕೊಯ್ದ ತೆನೆಗಳನ್ನು ದಂಟು ಹೊರಗಿರುವಂತೆ ಕೆಂಡದಲ್ಲಿ ಹುದುಗಿಸಿ, ಹೊರಳಿಸಿ, ಹೊಟ್ಟು ಕಪ್ಪಾಗುತ್ತಲೇ ಎಳೆದು, ಬಿಸಿಯಾಗಿದ್ದಂತೆಯೇ ಅಂಗೈಗಳ ನಡುವೆ ತಿಕ್ಕಿ ಉದುರಿಸುತ್ತಾರೆ. ಮೊರದಲ್ಲಿ ಕೇರಿದರೆ ಹೊಟ್ಟು ಹಾರಿ, ಹಸುರು ಕಾಳು ಮುತ್ತಿನಂತೆ ಉಳಿಯುತ್ತದೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಬೆಲ್ಲ, ಕೊಬ್ಬರಿ, ಒಂದಿಷ್ಟು ಮೊಸರು. ತೆನೆ ಬಲಿಯುತ್ತ ಹೋದಂತೆ ಕಾಳಿನ ಸಕ್ಕರೆಯೆಲ್ಲ ಹಿಟ್ಟಾಗಿ ಮಾರ್ಪಡುತ್ತದೆ. ಆದುದರಿಂದಲೇ ಈ ಅವಸರ. ಇನ್ನೆರಡು ದಿನ ತಡೆದು ಬರುತ್ತೇವೆ ಎಂದ ನಮಗೆ ಹಿರಿಯ ರೈತರೊಬ್ಬರು, “ಆವಾಗ ಬಂದ್ರ ಸೀತನಿ ಇರೂದಿಲ್ರಿ, ಜ್ವಾಳ ಇರತೈತಿ” ಎಂದಿದ್ದರು.

ಈಗ ಕೆಲವೆಡೆ ಇದಕ್ಕೂ ಟಿಕೀಟು ಬಂದಿದೆ. ರೈತನು ಹಣ ಪಡೆಯುವುದು ತಪ್ಪೆಂದು ನಾನು ಹೇಳಲಾರೆ. ಬೆವರಿಗೆ ಬೆಲೆ ಬರುವುದಾದರೆ ಬರಲಿ. ನನ್ನ ತಕರಾರು ತಿಂಗಳ ಮುಂಚೆಯೇ ಟಿಕೀಟಿನ ಮೇಲೆ ಅಚ್ಚಾಗುವ ತಾರೀಖಿನ ಬಗ್ಗೆ. ತೆನೆ ಆ ತಾರೀಖಿಗೆ ಹೊಂದದಿದ್ದರೆ ಬಲಿತ ಕಾಳನ್ನೇ ಕೊಟ್ಟು, ಕೊರತೆ ಕಾಣದಿರಲೆಂದು ಹದಿನಾರು ಬಗೆಯ ಭಕ್ಷ್ಯಗಳನ್ನೂ ಕಿವಿಗಡಚಿಕ್ಕುವ ಹಾಡನ್ನೂ ಸೇರಿಸುತ್ತಾರೆ. ಅಂಥ ಒಂದೆಡೆ ನಾನು ಹೊಟ್ಟೆ ತುಂಬ ಉಂಡೆ. ಸೀತನಿ ತಿಂದೆನೆಂದು ಮಾತ್ರ ಹೇಳಲಾರೆ.

ಹಾಗೆಂದು ಹಳೆಯ ಪದ್ಧತಿಯೆಲ್ಲ ನಿರ್ದೋಷವಾಗಿತ್ತೆಂದು ವಾಚಕರು ಭಾವಿಸಬಾರದು. ಬಿಸಿ ತೆನೆಯನ್ನು ತಿಕ್ಕುವುದಕ್ಕೆ ಜಡ್ಡುಗಟ್ಟಿದ ಅಂಗೈ ಬೇಕು. ಜಮೀನುದಾರರ ಎಷ್ಟೋ ಕೂಟಗಳಲ್ಲಿ ತಿಕ್ಕುವ ಕೈ ಆಳುಮಕ್ಕಳದು, ತಿನ್ನುವ ಬಾಯಿ ಧಣಿಗಳ ನೆಂಟರದು. ಕಂಬಳಿಯ ಮೇಲೆ ಕುಳಿತವರು ಕೈಚಾಚುತ್ತಲೇ ಇರುವರು. ಕೆಂಡದ ಮುಂದಿನವರು ಮಧ್ಯಾಹ್ನ ತಿರುಗಿದರೂ ಏಳುವಂತಿಲ್ಲ. ಸರತಿಯ ಮೇಲೆ ಎಲ್ಲರೂ ಕೆಂಡದ ಮುಂದೆ ಕುಳಿತು, ಸುಟ್ಟವರೂ ಅದೇ ಮೊರದಿಂದ ತಿಂದ ಕೂಟಗಳನ್ನೂ ನಾನು ಕಂಡಿದ್ದೇನೆ. ಅತಿಥಿಯ ಅಂಗೈ ಸ್ವಲ್ಪ ಸುಟ್ಟರೆ ಆತಿಥ್ಯಕ್ಕೆ ಊನವೇನೂ ಇಲ್ಲ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿತು. ಜೋಳಕ್ಕೂ ಅದರಲ್ಲಿ ಸ್ಥಾನವಿತ್ತು. ಆ ವರ್ಷದ ಸಭೆಗಳಲ್ಲಿ ಹಂಚಿದ ಜೋಳದ ಬಿಸ್ಕತ್ತುಗಳನ್ನು ನಾನೂ ತಿಂದೆ. ಹೊಲಗಳ ಸ್ಥಿತಿ ಬೇರೆ. ನೀರಾವರಿ ಬಂದೆಡೆ ಕಬ್ಬು, ಬಾರದೆಡೆ ಕಡಲೆ, ಹೀಗೆ ಹಿಂಗಾರಿ ಜೋಳದ ನೆಲ ಕಿರಿದಾಗುತ್ತ ಬಂದಿದೆ. ಸುತ್ತಲೂ ಜೋಳವಿದ್ದಾಗ ಹಕ್ಕಿಗಳು ಊರೆಲ್ಲ ಹಂಚಿಕೊಂಡು ತಿನ್ನುತ್ತಿದ್ದವು. ಒಂದೇ ಹೊಲ ಉಳಿದರೆ ಎಲ್ಲವೂ ಅಲ್ಲಿಗೇ ಎರಗುತ್ತವೆ. ಕವಣೆ ಹಿಡಿದು ಕಾಯುವವರು ಸಿಕ್ಕುವುದು ಕಷ್ಟ. ನಾಲ್ಕು ಸಾಲು ಸಿಹಿಜೋಳಕ್ಕೆ ಇಷ್ಟು ಪಾಡೇಕೆಂದು ರೈತನು ಕೇಳಿದರೆ ಉತ್ತರ ಕೊಡುವುದು ನಮ್ಮಂಥ ತಿನ್ನುವವರಿಗೆ ಸುಲಭವಲ್ಲ.

ಸೀತನಿಯ ತಳಿಗೆ ಮತ್ತೂ ಒಂದು ವಿಚಿತ್ರ ಸಂಕಟವುಂಟು. ಅದನ್ನು ಬಲಿಯುವ ಮೊದಲೇ ತಿಂದು ಮುಗಿಸುವುದರಿಂದ, ಕೂಟ ಹೆಚ್ಚು ಯಶಸ್ವಿಯಾದಷ್ಟೂ ಬೀಜ ಉಳಿಯುವುದು ಕಡಿಮೆ. ಅಂಗಡಿಗೆ ಹೋಗಿ ತರೋಣವೆಂದರೆ ಇಂಥ ನಾಡತಳಿಯ ಬೀಜ ಎಲ್ಲ ಅಂಗಡಿಗಳಲ್ಲಿ ದೊರೆಯುವಂಥದಲ್ಲ. ನಾನು ಹೋದ ಒಂದು ಹೊಲದಲ್ಲಿ, ಸಾಲಿನ ಹತ್ತಾರು ದಪ್ಪ ತೆನೆಗಳಿಗೆ ಮನೆಯ ಹಿರಿಯಾಕೆ ಹಳೆಯ ಸೀರೆಯ ಚೂರುಗಳನ್ನು ಸುತ್ತಿ ಕಟ್ಟಿದ್ದರು. ಹಕ್ಕಿಗಳ ಭಯಕ್ಕಾಗಿಯೆ ಎಂದು ಕೇಳಿದೆ. “ಹಕ್ಕಿಗೂ ಹೌದ್ರಿ, ನಿಮಗೂ ಹೌದು” ಎಂದು ನಕ್ಕು, ನನ್ನ ಮುಂದಿನ ಮೊರಕ್ಕೆ ಇನ್ನೊಂದು ಹಿಡಿ ಕಾಳು ಹಾಕಿದರು.