ಬಿಡಿಭಾಗದ ಅಂಗಡಿಯಲ್ಲಿ ತಿಳಿದವರು ಬೇಕು

ಸ್ಪೇರ್ ಪಾರ್ಟ್ಸ್ ಅಂಗಡಿಯವರು ಕೇಳಿದ್ದನ್ನು ಎತ್ತಿಕೊಟ್ಟರೆ ಸಾಕೆ, ಕೊಡುವ ವಸ್ತು ಆ ಗಾಡಿಗೆ ಹೊಂದುತ್ತದೋ ಇಲ್ಲವೋ ಎಂಬುದೂ ಅವರಿಗೆ ಗೊತ್ತಿರಬೇಕೆ? ಗೊತ್ತಿರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲಿಗೂ ಈ ಮಾತು ಅನ್ವಯಿಸುತ್ತದೆ, ತಾಲ್ಲೂಕು ಪೇಟೆಯ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೂ.

ಬೈಕಿನ ಚಕ್ರಕ್ಕೆ ಬೇರಿಂಗ್ ಬೇಕೆಂದು ಹೋದವರನ್ನು ಬಲ್ಲವನು ಮೊದಲು ಕೇಳುವುದು, ‘ಹಳೇದು ತಂದಿದ್ದೀರಾ?’ ಎಂದು. ಅದನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಗ್ರೀಸ್ ಒರೆಸಿ, ಅಂಚಿನಲ್ಲಿ ಕೊರೆದ ನಂಬರ್ ಓದುತ್ತಾನೆ. 6202 ಆದರೆ ಒಳರಂಧ್ರ 15 ಮಿ.ಮೀ., 6203 ಆದರೆ 17. ಇಲ್ಲಿ ತಪ್ಪಾದರೂ ದೊಡ್ಡ ನಷ್ಟವಿಲ್ಲ. ಬೇರಿಂಗ್ ಕೂರುವುದೇ ಇಲ್ಲ, ವಾಪಸ್ ಬರಬೇಕಾದೀತು ಅಷ್ಟೆ. ಅಪಾಯ ಇರುವುದು ತಪ್ಪು ಮಾಲು ಸಲೀಸಾಗಿ ಒಳಗೆ ಹೋಗುವ ಕಡೆ.

ಬಹುತೇಕ ಬೈಕುಗಳಲ್ಲಿ ಕ್ಲಚ್ ಪ್ಲೇಟ್‌ಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಹಾಗಾಗಿ ಡಬ್ಬಿಯ ಮೇಲೆ ‘ಜಾಸೊ ಎಂಎ’ ಗುರುತಿದೆಯೇ ನೋಡಬೇಕು. ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ಕಾರಿನ ಆಯಿಲ್ ಸುರಿದರೆ ಕ್ಲಚ್ ಜಾರತೊಡಗುತ್ತದೆ. ಬ್ರೇಕ್ ಆಯಿಲ್ ವಿಷಯ ಇನ್ನೂ ಸೂಕ್ಷ್ಮ. ಡಾಟ್ 5.1 ಎಂಬುದು ಗ್ಲೈಕಾಲ್ ಜಾತಿಯದು, ಡಾಟ್ 4ರ ಜೊತೆ ಬೆರೆಯುತ್ತದೆ. ಡಾಟ್ 5 ಸಿಲಿಕೋನಿನದು, ಬೆರೆಸಲೇಬಾರದು. ಹೆಸರಿನಲ್ಲಿ ವ್ಯತ್ಯಾಸ ಒಂದು ಚುಕ್ಕಿ, ಒಂದು ಅಂಕಿ ಮಾತ್ರ. ಅದು ತಿಳಿಯದ ಹುಡುಗನ ಕೈಗೆ ಕೌಂಟರ್ ಬಿಟ್ಟುಕೊಟ್ಟ ಮಾಲೀಕರು ಗಿರಾಕಿಯ ಪ್ರಾಣದ ಜೊತೆ ಆಡುತ್ತಿದ್ದಾರೆ.

ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದಲ್ಲ ಎನ್ನುವವರಿದ್ದಾರೆ. ಪಾರ್ಟ್ ನಂಬರ್ ಸಿಗುತ್ತದೆ, ನಿಜ. ಆದರೆ ಮಾಡೆಲ್ ಜೊತೆಗೆ ವರ್ಷವನ್ನೂ ಸರಿಯಾಗಿ ಹೇಳಬೇಕು. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದಾಗ ಎಷ್ಟೋ ಬೈಕುಗಳು ಹೆಸರು ಉಳಿಸಿಕೊಂಡು ಕಾರ್ಬುರೇಟರ್ ಬಿಟ್ಟು ಫ್ಯುಯೆಲ್ ಇಂಜೆಕ್ಷನ್‌ಗೆ ಬದಲಾದವು. ಮೇಲಾಗಿ, ನಮ್ಮ ಹಳೆಯ ಗಾಡಿಗಳೆಲ್ಲ ಕಾರ್ಖಾನೆಯಿಂದ ಹೊರಬಂದ ಹಾಗೆಯೇ ಉಳಿದಿರುವುದಿಲ್ಲ. ಯಾರೋ ಚಕ್ರ ಬದಲಿಸಿರುತ್ತಾರೆ, ಇನ್ಯಾರೋ ಬೇರೆ ಗಾಡಿಯ ಕಾರ್ಬುರೇಟರ್ ಕೂರಿಸಿರುತ್ತಾರೆ. ಇದನ್ನು ಯಾವ ಕ್ಯಾಟಲಾಗೂ ಹೇಳದು, ನೋಡುವ ಕಣ್ಣು ಬೇಕು.

ಔಷಧಿ ಅಂಗಡಿಯಲ್ಲಿ ನೋಂದಾಯಿತ ಫಾರ್ಮಾಸಿಸ್ಟ್ ಇರಬೇಕೆಂದು ಕಾನೂನಿದೆ. ಬ್ರೇಕ್ ಶೂ ಮಾರುವುದಕ್ಕೆ ಅಂಥ ಯಾವ ಅರ್ಹತೆಯೂ ಬೇಕಿಲ್ಲ. ಅಮೆರಿಕದಲ್ಲಿ ಎಎಸ್‌ಇ ಎಂಬ ಸಂಸ್ಥೆ ಬಿಡಿಭಾಗ ಮಾರುವವರಿಗೂ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಅದು ಕಡ್ಡಾಯವಲ್ಲ, ಆದರೆ ಆ ಕೆಲಸಕ್ಕೂ ವಿದ್ಯೆ ಬೇಕೆಂಬ ಒಪ್ಪಿಗೆಯಾದರೂ ಅದರಲ್ಲಿದೆ. ನಮ್ಮಲ್ಲಿ ಈ ವಿದ್ಯೆ ಬರುವುದು ವರ್ಷಗಟ್ಟಲೆ ಕೌಂಟರಿನಲ್ಲಿ ನಿಂತು, ಹಿರಿಯರಿಂದ ಬೈಸಿಕೊಂಡು. ಸಂಬಳ ಏರದಿದ್ದರೆ ಕಲಿತ ಹುಡುಗ ಏಕೆ ಉಳಿದಾನು? ಐಟಿಐಯಲ್ಲಿ ಎರಡು ವರ್ಷ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಓದಿದವರನ್ನು ಕರೆದು, ತಕ್ಕ ಸಂಬಳ ಕೊಟ್ಟು ಕೌಂಟರಿನಲ್ಲಿ ನಿಲ್ಲಿಸಬಹುದು. ಮಾಲೀಕರು ಅದನ್ನು ದಂಡದ ಖರ್ಚೆಂದು ಎಣಿಸಬಾರದು.

ಗಿರಾಕಿಗಳ ಪಾಲೂ ಇದರಲ್ಲಿದೆ. ಅರ್ಧ ಗಂಟೆ ಸಲಹೆ ಕೇಳಿ, ಅಲ್ಲೇ ನಿಂತು ಫೋನಿನಲ್ಲಿ ನಲವತ್ತು ರೂಪಾಯಿ ಕಡಿಮೆಗೆ ತರಿಸಿಕೊಳ್ಳುವುದು ಅನ್ಯಾಯ. ತಿಳಿದವನ ಸಂಬಳ ಹುಟ್ಟುವುದು ಆ ನಲವತ್ತು ರೂಪಾಯಿಯಲ್ಲೇ.

ಬಲ್ಲವರನ್ನು ಗುರುತಿಸುವುದು ಕಷ್ಟವಲ್ಲ. ಅವರು ಸಾಮಾನು ತೆಗೆಯುವ ಮುಂಚೆ ಪ್ರಶ್ನೆ ಕೇಳುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾರೆ. ಅಂಥವರು ನಿಮ್ಮೂರಿನಲ್ಲಿದ್ದರೆ ಆರ್‌ಸಿ, ಹಳೆಯ ಪಾರ್ಟು ಎರಡನ್ನೂ ಹಿಡಿದು ಅವರ ಬಳಿಗೇ ಹೋಗಿ, ಸಾಮಾನನ್ನೂ ಅಲ್ಲೇ ಕೊಳ್ಳಿ.