ವದಂತಿ: ಉದುರಿಹೋದ ‘ಕಿಂ’

‘ವದಂತಿ’ ಎಂಬ ಶಬ್ದವನ್ನು ನಾವು ದಿನವೂ ಬಳಸುವೆವು. ಅದು ಎಲ್ಲಿಂದ ಬಂದಿತೆಂದು ವಿಚಾರಿಸುವವರು ವಿರಳ. ಅದರ ಪೂರ್ಣರೂಪವು ‘ಕಿಂವದಂತಿ’. ‘ಏನೆನ್ನುತ್ತಾರೆ?’ ಎಂಬದೇ ಅದರ ಅಕ್ಷರಾರ್ಥ. ಅಮರಕೋಶವು ಇದಕ್ಕೆ ‘ಜನಶ್ರುತಿ’ ಎಂಬ ಪರ್ಯಾಯವನ್ನು ಕೊಟ್ಟಿರುವದು. ಬಳಕೆಯಲ್ಲಿ ‘ಕಿಂ’ ಉದುರಿ ‘ವದಂತಿ’ ಮಾತ್ರ ಉಳಿಯಿತು. ವ್ಯಾಕರಣದಂತೆ ಅದು ಬಹುವಚನದ ಕ್ರಿಯಾಪದ, ‘ಹೇಳುತ್ತಾರೆ’ ಎಂಬಷ್ಟೇ ಅರ್ಥ. ಹೇಳುವವರು ಯಾರು? ಕರ್ತೃಪದವೇ ಇಲ್ಲ! ಇಂಥ ವಾಕ್ಯವನ್ನು ಬರೆದ ಹುಡುಗನಿಗೆ ನಮ್ಮ ಮಾಸ್ತರರು ಗುಣ ಕಳೆಯುವರು. ಊರು ಮಾತ್ರ ಅದನ್ನು ನಂಬಿಬಿಡುವದು.

ಗುಲ್ಲು, ಪುಕಾರು, ಗಾಳಿಸುದ್ದಿ ಎಂಬ ಮಾತುಗಳೂ ಹಾಗೆಯೇ. ಒಂದು ಗದ್ದಲ, ಒಂದು ಹಿಂದುಸ್ತಾನಿಯಿಂದ ಬಂದ ಕೂಗು, ಇನ್ನೊಂದು ಗಾಳಿ, ಯಾವದರಲ್ಲಿಯೂ ಮನುಷ್ಯನಿಲ್ಲ.

ಆದರೆ ಕನ್ನಡಕ್ಕೆ ತನ್ನದೇ ಆದ ಒಂದು ಪ್ರಾಮಾಣಿಕ ಪ್ರತ್ಯಯವಿರುವದು: ‘ಅಂತೆ’. ‘ಬಂದರಂತೆ’ ಎಂದವನು, ತಾನು ಕಂಡಿಲ್ಲ, ಕೇಳಿದ್ದೇನೆ ಎಂದು ಒಪ್ಪಿಕೊಂಡಂತಾಯಿತು. ಅಂತೆಕಂತೆಯೆಂದು ನಾವು ಇದನ್ನು ಹಳಿಯುವದು ಅನ್ಯಾಯ. ಕೇಡು ಹುಟ್ಟುವದು ‘ಅಂತೆ’ಯಿಂದಲ್ಲ, ಅದು ಬಿಟ್ಟುಹೋದಾಗ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಆದದ್ದೇನು? ಮಕ್ಕಳಿಗೆ ಮಿಠಾಯಿ ಕೊಟ್ಟ ಪರಸ್ಥಳದ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಸಂಶಯಿಸಿದರು. ಅವರ ಕಾರಿಗಿಂತ ಮುಂಚೆ ವಾಟ್ಸ್ಆ್ಯಪ್ ಸಂದೇಶವು ಮುಂದಿನ ಊರನ್ನು ಮುಟ್ಟಿತು. ಜನರು ಒಬ್ಬ ತರುಣ ಇಂಜಿನಿಯರನನ್ನು ಹೊಡೆದು ಕೊಂದರು. ‘ಕಳ್ಳರಂತೆ’ ಎಂಬದು ‘ಕಳ್ಳರು’ ಎಂದಾಗಲು ಬೆರಳ ತುದಿಯೊಂದು ಸಾಕಾಯಿತು.

ಅಧಿಕಾರಿಗಳಿಗೆ ಬೇಡವಾದ ಸುದ್ದಿಯೆಲ್ಲ ವದಂತಿಯೆಂದು ನಾವು ಹೇಳುತ್ತಿಲ್ಲ. ಆ ಚಾಳಿಯನ್ನು ಪರಕೀಯ ಆಳಿಕೆಯಲ್ಲಿ ಸಾಕಷ್ಟು ಕಂಡಾಯಿತು.

ನ್ಯಾಯಾಲಯದ ರೀತಿಯೇ ಬೇರೆ. ಬಾಯಿಸಾಕ್ಷ್ಯವು ಪ್ರತ್ಯಕ್ಷವಿರಬೇಕು, ಕಂಡದ್ದನ್ನು ಕಂಡವನೇ ಹೇಳಬೇಕು ಎಂಬ ನಿಯಮವು 1872ರ ಸಾಕ್ಷ್ಯ ಕಾಯಿದೆಯ 60ನೆಯ ಕಲಮಿನಲ್ಲಿತ್ತು. 2024ರಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 55ರಲ್ಲಿಯೂ ಇರುವದು. ಹಾಗೆಂದು ಜನರ ತಿಳಿವಳಿಕೆಗೆ ಕಾಯಿದೆಯು ಬಾಗಿಲು ಮುಚ್ಚಿಲ್ಲ. ಊರ ಬಾವಿಯ ನೀರಿನ ಮೇಲೆ ಊರವರಿಗೆ ವಾಡಿಕೆಯ ಹಕ್ಕುಂಟೋ ಇಲ್ಲವೋ ಎಂಬದಕ್ಕೆ, ಬಲ್ಲ ಹಿರಿಯರ ಅಭಿಪ್ರಾಯವನ್ನು ಕೇಳಬಹುದು. ಆದರೆ ಆ ಹಿರಿಯನು ತನ್ನ ಹೆಸರು ಹೇಳಿ, ಕಟಕಟೆಯಲ್ಲಿ ನಿಂತು, ಎದುರು ವಕೀಲನ ‘ನಿಮಗೆ ಹೇಗೆ ಗೊತ್ತು?’ ಎಂಬ ಪಾಟೀಸವಾಲಿಗೆ ಉತ್ತರ ಕೊಡತಕ್ಕದ್ದು.