ಕೂಸಿಗೆ ಪಾಸ್‌ಪೋರ್ಟ್ ಉಂಟು, ಸೀಟಿಲ್ಲ

ಬಜಪೆ ವಿಮಾನ ನಿಲ್ದಾಣದ ಹೊರಗೆ ಅರ್ಧ ಗಂಟೆ ನಿಂತರೆ ಸಾಕು, ಈ ದೃಶ್ಯ ಕಣ್ಣಿಗೆ ಬೀಳುತ್ತದೆ. ಎರಡು ಕಾರು ತುಂಬಾ ಬಂದ ಮನೆಮಂದಿ. ನಡುವೆ ಒಬ್ಬಳು ಹೆಣ್ಣುಮಗಳು. ಹೆಗಲಲ್ಲಿ ಚೀಲ, ಸೊಂಟದಲ್ಲಿ ನಾಲ್ಕೈದು ತಿಂಗಳ ಕೂಸು, ಸೆರಗು ಹಿಡಿದು ನಿಂತ ಮೂರು ವರ್ಷದ ಇನ್ನೊಂದು. ಅಜ್ಜಿ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಕಣ್ಣೊರೆಸಿಕೊಳ್ಳುತ್ತಾರೆ. "ಮುಟ್ಟಿದ ಕೂಡಲೇ ಫೋನ್ ಮಾಡು ಮಗಾ" ಎನ್ನುತ್ತಾರೆ ಅಪ್ಪ. ಬಾಗಿಲಲ್ಲಿ ನಿಂತ ಜವಾನ ಟಿಕೆಟು, ಪಾಸ್‌ಪೋರ್ಟು ನೋಡಿ ಒಳಗೆ ಬಿಡುತ್ತಾನೆ. ಅಲ್ಲಿಗೆ ತವರಿನವರ ಸಹಾಯ ಮುಗಿಯಿತು. ಇನ್ನು ದುಬೈಯಲ್ಲೋ ಅಬುಧಾಬಿಯಲ್ಲೋ ಗಂಡನ ಮುಖ ಕಾಣುವವರೆಗೆ ಅವಳಿಗಿರುವುದು ಅವಳದ್ದೇ ಎರಡು ಕೈ.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಗೆ ಇದು ಹೊಸ ಕತೆಯಲ್ಲ. ಗಂಡ ಗಲ್ಫಿನಲ್ಲಿ, ಹೆರಿಗೆ ತವರಿನಲ್ಲಿ. ಬಾಣಂತನ ಮುಗಿಸಿ ಕೂಸನ್ನೆತ್ತಿಕೊಂಡು ವಾಪಸು. ಹಿಂದೆ ಬೊಂಬಾಯಿಯವರೆಗೆ ಬಸ್ಸಿನಲ್ಲಿ ಹೋಗಿ, ನೆಂಟರ ಕೋಣೆಯಲ್ಲಿ ಒಂದು ರಾತ್ರಿ ಕಳೆದು ವಿಮಾನ ಹತ್ತಬೇಕಿತ್ತು. 1951ರಲ್ಲಿ ಶುರುವಾದ ಬಜಪೆಯಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಈಗ ನಾಲ್ಕು ತಾಸಿನ ಆಸುಪಾಸಿನಲ್ಲಿ ಊರು ಬಿಟ್ಟು ಊರು ಸೇರಬಹುದು. ದಾರಿ ಸಣ್ಣದಾಯಿತು, ಸರಿ. ಕೂಸಿನ ಕಾಗದಪತ್ರ ಸಣ್ಣದಾಗಲಿಲ್ಲ, ತಾಯಿಯ ತೊಡೆಯ ಭಾರವೂ ಇಳಿಯಲಿಲ್ಲ.

ಸರಕಾರದ ಲೆಕ್ಕದಲ್ಲಿ ಕೂಸು ಪೂರಾ ಮನುಷ್ಯ. ಹುಟ್ಟಿ ಒಂದು ತಿಂಗಳಾಗಿದ್ದರೂ ಪರದೇಶಕ್ಕೆ ಹೋಗಲು ಅದಕ್ಕೆ ಅದರದ್ದೇ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ದಿನದ ಪುರಾವೆಯಾಗಿ ಅದೊಂದೇ ನಡೆಯುತ್ತದೆ, ಬೇರೆ ಯಾವುದೂ ನಡೆಯುವುದಿಲ್ಲ ಎಂದು 2025ರಲ್ಲಿ ನಿಯಮವನ್ನೇ ತಿದ್ದಿದ್ದಾರೆ. ಜನನವನ್ನು 21 ದಿನದೊಳಗೆ ಬರೆಸಬೇಕು. ಆಸ್ಪತ್ರೆಯವರು ಬರೆಸುತ್ತಾರೆ, ಆದರೆ ಹೆಸರು? ಈ ಕಡೆ ನಾಮಕರಣಕ್ಕೆ ಗಳಿಗೆ ನೋಡಬೇಕು, ಗಂಡನ ಕಡೆಯವರು ಬರಬೇಕು, ಹೆಸರಿಗೆ ಎರಡು ಮನೆಯೂ ಒಪ್ಪಬೇಕು. ಅಷ್ಟರಲ್ಲಿ ಹೆಸರಿಲ್ಲದ ಪ್ರಮಾಣಪತ್ರ ಕೈಗೆ ಬಂದಿರುತ್ತದೆ. ಹೆಸರು ಸೇರಿಸಲು ಮತ್ತೆ ಅದೇ ಕಚೇರಿಗೆ ಅಲೆದಾಟ. ವೀಸಾದ ದಿನ ಎಣಿಸುತ್ತಾ ಕೂತ ಮನೆಯವರಿಗೆ ಈ ಒಂದು ತಡವೇ ಎಲ್ಲಕ್ಕಿಂತ ದುಬಾರಿ. ತೊಟ್ಟಿಲ ದಿನ ಕೂಗುವ ಹೆಸರು ಯಾವುದೇ ಇರಲಿ, ಕಾಗದದ ಹೆಸರನ್ನು ಹೆರಿಗೆಗೆ ಮೊದಲೇ ನಿಶ್ಚಯ ಮಾಡಿಕೊಳ್ಳುವುದು ಜಾಣತನ. ಅಜ್ಜಿ ಒಂದು ಮಾತು ಅಂದಾರು. ಅನ್ನಲಿ.

ಫೋಟೋದ್ದೂ ಒಂದು ಪ್ರಸಂಗ. ನಾಲ್ಕು ವರ್ಷಕ್ಕಿಂತ ಸಣ್ಣವರ ಫೋಟೋವನ್ನು ಬಿಳಿ ಹಿನ್ನೆಲೆಯಲ್ಲಿ ತೆಗೆಸಿ ಒಯ್ಯಬೇಕು. ಕೂಸಿನ ಕಣ್ಣು ತೆರೆದಿರಬೇಕು, ತಾಯಿಯ ಕೈ ಕಾಣಬಾರದು. ಸ್ಟುಡಿಯೋದವನು ಕೀಲಿಗೊಂಚಲು ಆಡಿಸಿ, ಬೆಕ್ಕಿನ ಹಾಗೆ ಕೂಗಿ ಸುಸ್ತಾಗುತ್ತಾನೆ. ಇಷ್ಟೆಲ್ಲ ಮಾಡಿ ಸಿಕ್ಕ ಪಾಸ್‌ಪೋರ್ಟಿಗೆ ಐದು ವರ್ಷದ ಆಯುಸ್ಸು. ನಾಲ್ಕು ವರ್ಷದ ಪೋರ ಕೌಂಟರಿನ ಮುಂದೆ ನಿಂತು ಹಲ್ಲು ಕಿರಿಯುತ್ತಿದ್ದರೆ, ಪುಸ್ತಕದಲ್ಲಿರುವುದು ಮೂರು ತಿಂಗಳ ಬೋಳುತಲೆ. ಅಧಿಕಾರಿ ಅವನನ್ನೂ ಇವನನ್ನೂ ಹೇಗೆ ತಾಳೆ ನೋಡುತ್ತಾರೋ ದೇವರೇ ಬಲ್ಲ.

ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಬೇಕು. ತಂದೆ ಹೊರದೇಶದಲ್ಲಿದ್ದರೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪ್ರಮಾಣಪತ್ರ ಕಳಿಸಬೇಕು. ಅದಕ್ಕಾಗಿ ಆತ ಒಂದು ದಿನದ ಕೆಲಸ ಬಿಡಬೇಕು. ತಪ್ಪೇನಿಲ್ಲ. ಮಕ್ಕಳನ್ನು ಕದ್ದು ಸಾಗಿಸುವವರ ಕಾಲದಲ್ಲಿ ಇಷ್ಟು ಬಿಗಿ ಇರಲೇಬೇಕು. ಅಲ್ಲೇ ಹುಟ್ಟಿದ ಕೂಸಿಗಾದರೂ ಬಿಡುಗಡೆ ಇಲ್ಲ. ಒಂದು ವರ್ಷದೊಳಗೆ ದೂತಾವಾಸದಲ್ಲಿ ಜನನ ದಾಖಲಿಸಬೇಕು, ಇಲ್ಲವಾದರೆ ಪೌರತ್ವಕ್ಕೇ ತೊಡಕು.

ಇಷ್ಟು ಮುದ್ರೆ ಹಾಕಿಸಿಕೊಂಡ ಆ ಪೂರಾ ಮನುಷ್ಯ ವಿಮಾನದ ಮೆಟ್ಟಿಲು ಹತ್ತಿದ ಕೂಡಲೇ ಏನಾಗುತ್ತಾನೆ? ತಾಯಿಯ ತೊಡೆಯ ಮೇಲಿನ ಗಂಟು.

ಎರಡು ವರ್ಷದೊಳಗಿನ ಮಕ್ಕಳಿಗೆ ವಿಮಾನದಲ್ಲಿ ಸೀಟಿಲ್ಲ. ಪರದೇಶದ ದಾರಿಯಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಪಾಲು ತೆಗೆದುಕೊಂಡು ತೊಡೆಯ ಮೇಲೆ ಕೂರಿಸಿಕೊಳ್ಳಿ ಅನ್ನುತ್ತಾರೆ. ಒಬ್ಬ ದೊಡ್ಡವರಿಗೆ ಮಡಿಲ ಕೂಸು ಒಂದೇ. ಅವಳಿ ಹೆತ್ತವಳು ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಬೇಕು, ಇಲ್ಲ ಎರಡನೆಯದಕ್ಕೆ ಸೀಟು ಕೊಳ್ಳಬೇಕು. ಮೂರು ಸೀಟಿನ ಸಾಲಿಗೆ ಒಂದೇ ಹೆಚ್ಚಿನ ಆಮ್ಲಜನಕದ ಮುಖವಾಡ ಇರುವ ಕಾರಣ, ಕೂಸಿರುವ ಇಬ್ಬರು ತಾಯಂದಿರು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂರುವ ಹಾಗೂ ಇಲ್ಲ. ಇನ್ನು ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು ಉಂಟಲ್ಲ ಅನ್ನಬಹುದು. ಅದಿರುವುದು ಹೆಚ್ಚಾಗಿ ದೊಡ್ಡ ವಿಮಾನಗಳಲ್ಲಿ, ಅದೂ ಬೆರಳೆಣಿಕೆಯಷ್ಟು. ಬಜಪೆಯಂಥ ಗುಡ್ಡದ ತುದಿಯ ರನ್‌ವೇಗೆ ಬರುವ, ನಡುವೆ ಒಂದೇ ಓಣಿ ಇರುವ ವಿಮಾನದಲ್ಲಿ ಅದನ್ನು ನಂಬಿ ಹೋಗುವ ಹಾಗಿಲ್ಲ.

ಇದರಲ್ಲಿ ತಮಾಷೆ ಏನೆಂದರೆ, ಇಪ್ಪತ್ತಮೂರು ತಿಂಗಳ ಹುಡುಗ ಹೋಗುವಾಗ ತೊಡೆಯ ಮೇಲೆ ಹೋಗಬಹುದು. ಎರಡು ತಿಂಗಳು ಬಿಟ್ಟು ಬರುವಾಗ ಅವನಿಗೆ ಸೀಟು ಬೇಕೇ ಬೇಕು, ಸುರಕ್ಷತೆಯ ಪ್ರಶ್ನೆ ಅನ್ನುತ್ತಾರೆ. ಹಾಗಾದರೆ ಹೋಗುವಾಗಿನ ಸುರಕ್ಷತೆ ಎಲ್ಲಿ ಹೋಗಿತ್ತು?

ತಕರಾರು ಇಂದಿನದಲ್ಲ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಸಂಸ್ಥೆಯ ವಿಮಾನ ತುರ್ತಾಗಿ ಇಳಿಯುವಾಗ ಒಡೆದು ಚೂರಾಯಿತು. ಅದರಲ್ಲಿ ಸೀಟಿಲ್ಲದ ನಾಲ್ಕು ಕೂಸುಗಳಿದ್ದವು. ಆಗಿನ ಪದ್ಧತಿ ಏನು ಗೊತ್ತೇ? ಅವನ್ನು ಬಟ್ಟೆಯಲ್ಲಿ ಸುತ್ತಿ ಕಾಲಬುಡದಲ್ಲಿ ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳುವುದು. ಹಾಗೆ ಮಾಡಿಸಿದ ಹಿರಿಯ ಗಗನಸಖಿ ಜಾನ್ ಬ್ರೌನ್ ಬದುಕಿ ಉಳಿದರು. ಒಂದು ಕೂಸು ಉಳಿಯಲಿಲ್ಲ. ಆ ಮೇಲೆ ಆಕೆ ವರ್ಷಗಟ್ಟಲೆ ಒಂದೇ ಮಾತು ಹೇಳುತ್ತಾ ತಿರುಗಿದರು, ಕೂಸಿಗೂ ಬೆಲ್ಟಿನ ಸೀಟು ಬೇಕೆಂದು. ಅಲ್ಲಿಯ ವಿಮಾನ ಇಲಾಖೆ ಒಪ್ಪಲಿಲ್ಲ. ಅವರ ವಾದವೂ ತೀರಾ ತಲೆಬುಡ ಇಲ್ಲದ್ದಲ್ಲ. ಸೀಟು ಕಡ್ಡಾಯ ಮಾಡಿದರೆ ಬಡವರು ವಿಮಾನ ಬಿಟ್ಟು ಕಾರಿನಲ್ಲಿ ಹೋಗುತ್ತಾರೆ, ರಸ್ತೆಯಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳು ಸಾಯುತ್ತಾರೆ ಎಂಬ ಲೆಕ್ಕ.

ಅಮೆರಿಕದವರಿಗೆ ರಸ್ತೆ ಉಂಟು, ಆ ಲೆಕ್ಕ ಅಲ್ಲಿಗೆ ಸರಿ ಇರಬಹುದು. ಬಜಪೆಯಿಂದ ದುಬೈಗೆ ಯಾವ ರಸ್ತೆ ಉಂಟು ಮಾರಾಯ್ರೆ? ನಡುವೆ ಇರುವುದು ಅರಬಿ ಸಮುದ್ರ.

2010ರ ಮೇ 22ನ್ನು ಮರೆತ ಮನೆ ಈ ಜಿಲ್ಲೆಯಲ್ಲಿಲ್ಲ. ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದಿಂದ ಕೆಳಗುರುಳಿ 158 ಮಂದಿ ತೀರಿಕೊಂಡರು, ಮಕ್ಕಳೂ ಇದ್ದರು. ಆ ದುರಂತವನ್ನು ಸೀಟಿನ ಪ್ರಶ್ನೆಗೆ ಗಂಟು ಹಾಕುವುದು ನ್ಯಾಯವಲ್ಲ, ಹಾಕಲೂಬಾರದು. ಇಲ್ಲಿ ಹೇಳುವುದು ದಿನನಿತ್ಯದ ಮಾತು. ಮಳೆಗಾಲದ ಮೋಡದಲ್ಲಿ ವಿಮಾನ ಒಮ್ಮೆಲೇ ಕುಸಿದು ಮೇಲೆದ್ದರೆ ಬೆಲ್ಟು ಕಟ್ಟಿದ ದೊಡ್ಡವರು ಸೀಟಿನಲ್ಲಿ ಉಳಿಯುತ್ತಾರೆ. ರಾತ್ರಿಯಿಡೀ ನಿದ್ದೆಗೆಟ್ಟ ತಾಯಿಯ ತೋಳು ಎಷ್ಟು ಹೊತ್ತು ಬೆಲ್ಟಾಗಿ ಇದ್ದೀತು?

ಕೂಸು ಅತ್ತರೆ ಸುತ್ತಲಿನವರ ಮುಖ ಹುಳ್ಳಗಾಗುತ್ತದೆ. ಅದು ಹಟಕ್ಕೆ ಅಳುವುದಲ್ಲ, ಕಿವಿನೋವಿಗೆ. ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಕಿವಿಗೂ ಗಂಟಲಿಗೂ ನಡುವಿನ ನಳಿಕೆ ಸಣ್ಣ ಮಕ್ಕಳಲ್ಲಿ ಕಿರಿದು, ಅಡ್ಡವಾಗಿಯೂ ಇರುತ್ತದೆ, ಬೇಗ ತೆರೆದುಕೊಳ್ಳುವುದಿಲ್ಲ. ನುಂಗಿದರೆ ತೆರೆಯುತ್ತದೆ. ಇಳಿಯಲು ಶುರುವಾಗುವ ಹೊತ್ತಿಗೆ ಮಲಗಿದ ಕೂಸನ್ನು ಎಬ್ಬಿಸಿಯಾದರೂ ಮೊಲೆ ಕೊಡಬೇಕು, ಇಲ್ಲ ಬಾಟಲಿ ಕೊಡಬೇಕು. ನೆಲ ಮುಟ್ಟಿದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ಕೂಸಿನ ಹಾಲು, ಗಂಜಿಗೆ ನೂರು ಮಿಲಿಲೀಟರಿನ ಕಟ್ಟಳೆ ಇಲ್ಲ. ದಾರಿಗೆ ಬೇಕಾದಷ್ಟನ್ನು ಕೈಚೀಲದಲ್ಲಿ ಒಯ್ಯಬಹುದು. ತಪಾಸಣೆಯವರು ಕೇಳಿದರೆ ತೆರೆದು ತೋರಿಸಿದರಾಯಿತು.

ಇಲ್ಲೇ ಒಂದು ಕೆಟ್ಟ ಉಪಾಯವನ್ನು ಹೇಳಲೇಬೇಕು. "ಒಂದು ಮುಚ್ಚಳ ಶೀತದ ಸಿರಪ್ ಕುಡಿಸಿ, ದುಬೈವರೆಗೆ ಏಳುವುದಿಲ್ಲ" ಎಂದು ಹೇಳಿಕೊಡುವ ಅಕ್ಕಪಕ್ಕದ ಮನೆಯವರು ಇರುತ್ತಾರೆ. ನಿದ್ದೆ ಬರಿಸುವ ಪ್ರೊಮೆಥಜೀನ್ ಔಷಧವನ್ನು ಎರಡು ವರ್ಷದೊಳಗಿನವರಿಗೆ ಕೊಟ್ಟರೆ ಉಸಿರೇ ನಿಲ್ಲಬಹುದು ಎಂದು ಅಮೆರಿಕದ ಔಷಧ ಇಲಾಖೆ 2004ರಲ್ಲೇ ಕಪ್ಪು ಚೌಕದ ಎಚ್ಚರಿಕೆ ಬರೆಸಿತು. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಸೇರಿದ ಶೀತದ ಸಿರಪ್ ನಾಲ್ಕು ವರ್ಷದೊಳಗಿನವರಿಗೆ ಬೇಡ ಎಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಹೇಳಿದ್ದಾರೆ. ಕತ್ತಲೆ ವಿಮಾನದಲ್ಲಿ ಶಾಲು ಹೊದ್ದು ಮಲಗಿದ ಕೂಸಿನ ಉಸಿರು ನಿಧಾನವಾದರೆ ಯಾರಿಗೆ ಗೊತ್ತಾಗುತ್ತದೆ? ಅತ್ತರೆ ಅಳಲಿ. ಪಕ್ಕದವರಿಗೆ ನಾಲ್ಕು ತಾಸಿನ ನಿದ್ದೆ ಹೋಗುತ್ತದೆ, ಅಷ್ಟೇ ತಾನೇ?

ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಮನಸ್ಸಿದ್ದರೆ ಮಾಡಲಾಗದ್ದು ಏನಿಲ್ಲ. ಹನ್ನೆರಡು ವರ್ಷದವರೆಗಿನ ಮಕ್ಕಳನ್ನು ಒಂದೇ ಟಿಕೆಟಿನಲ್ಲಿರುವ ತಂದೆ ಅಥವಾ ತಾಯಿಯ ಪಕ್ಕದಲ್ಲೇ ಕೂರಿಸಬೇಕೆಂದು ವಿಮಾನ ಸಂಸ್ಥೆಗಳಿಗೆ 2024ರ ಎಪ್ರಿಲ್‌ನಲ್ಲಿ ಅದೇ ಹೇಳಿತು. ಮಗುವನ್ನು ಒಂದು ಕಡೆ, ತಾಯಿಯನ್ನು ಇನ್ನೊಂದು ಕಡೆ ಹಾಕಿ, ಪಕ್ಕ ಬೇಕಾದರೆ ಹೆಚ್ಚಿಗೆ ಕೊಡಿ ಎಂಬ ವ್ಯಾಪಾರಕ್ಕೆ ಅದರಿಂದ ಲಗಾಮು ಬಿತ್ತು. ಆದರೆ ಸೀಟೇ ಇಲ್ಲದ ಕೂಸಿನ ಮಾತು ಅದರಲ್ಲಿ ಬರಲಿಲ್ಲ.

ಈಗ ಕೇಳುವುದು ದೊಡ್ಡದೇನಲ್ಲ. ವಿಮಾನದಲ್ಲಿ ಸೀಟು ಖಾಲಿ ಉಳಿದಿದ್ದರೆ ಅದನ್ನು ಮೊದಲು ಕೂಸಿರುವ ತಾಯಿಯ ಪಕ್ಕಕ್ಕೆ ಬಿಟ್ಟುಕೊಡಬೇಕು, ಅದಕ್ಕೆ ದುಡ್ಡು ಕೇಳಬಾರದು. ಕೂಸಿಗೆ ಸೀಟು ಬೇಕೆನ್ನುವವರಿಗೆ ದೊಡ್ಡವರ ಪೂರ್ತಿ ದರ ಹಾಕುವ ಬದಲು ಅರ್ಧಕ್ಕೆ ಕೊಡಬೇಕು. ಮಕ್ಕಳ ಯಾವ ಆಸನವನ್ನು ವಿಮಾನದೊಳಗೆ ಒಪ್ಪುತ್ತಾರೆ, ಯಾವುದನ್ನು ಇಲ್ಲ ಎಂಬುದು ಟಿಕೆಟಿನಲ್ಲೇ ಕನ್ನಡದಲ್ಲಿ ಬರೆದಿರಬೇಕು. ಹಂಪನಕಟ್ಟೆಯ ಟಿಕೆಟ್ ಏಜೆಂಟರು ಕೂಡ "ಕೂಸಿಗೆ ಸೀಟು ಬೇಡ, ಸುಮ್ಮನೆ ದಂಡ" ಎಂದು ಹೇಳುವ ಮೊದಲು ಆಯ್ಕೆ ಉಂಟೆಂಬುದನ್ನಾದರೂ ತಿಳಿಸಲಿ.

ಜುಲೈ, ಆಗಸ್ಟಿನಲ್ಲಿ ಗಲ್ಫಿನ ಶಾಲೆಗಳಿಗೆ ರಜೆ. ಆ ದಿನಗಳಲ್ಲಿ ದರ ಗಗನಕ್ಕೇರುತ್ತದೆ, ಖಾಲಿ ಸೀಟಿನ ಮಾತೇ ಇರುವುದಿಲ್ಲ. ಎರಡೂ ಜಿಲ್ಲೆಗಳ ಲೋಕಸಭಾ ಸದಸ್ಯರು ದೆಹಲಿಗೆ ಹೋಗಿಬರುವುದು ವಿಮಾನದಲ್ಲೇ. ಕೂಸಿನ ಸೀಟಿನ ಪ್ರಶ್ನೆಯನ್ನು ರಜೆಗೆ ಮೊದಲೇ ಸಚಿವರ ಮೇಜಿಗೆ ಮುಟ್ಟಿಸುತ್ತಾರೋ ಇಲ್ಲವೋ ಎಂದು ಬಜಪೆಯ ಬಾಗಿಲಲ್ಲಿ ನಿಂತ ಅಜ್ಜಿಯರು ಕಾಯುತ್ತಿದ್ದಾರೆ.